ಹಾಲವ್ವನ ತಿಂಗಳ ಲೆಕ್ಕ

ಐವತ್ತನಾಲ್ಕನೆಯ ಇಸವಿ. ದೀಪಾವಳಿ ಕಳೆದ ವಾರ, ಬಿಳಿಜೋಳದಲ್ಲಿ ಎಡೆ ಹೊಡೆಯಲು ಸಂಖ ಊರಿನ ಗಂಡಸರು ಹೊರಡುವ ಹೊತ್ತು. ಸೂಲಗಿತ್ತಿ ಯಲ್ಲವ್ವ ಹಾಲವ್ವನ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದಳು.

“ಐದು ತಿಂಗಳಾಗ ಬಿದ್ದೈತಿ. ಬಸರಿ ಕುಬಸದ ಸೀರಿ ತರ್ರಿ, ಮಲಕವ್ವ!”

ಅತ್ತೆ ಮಲಕವ್ವನ ಮುಖ ಕಪ್ಪಿಟ್ಟಿತು. ಮಗ ಸೋಮನಿಂಗಪ್ಪ ಯುಗಾದಿಗೆ ಸೊಲ್ಲಾಪುರದ ಗಿರಣಿಗೆ ಹೋದವನು, ಮನೆಗೆ ಬಂದು ಉಳಿದದ್ದೇ ನಾಗರಪಂಚಮಿಗೆ. ಮೂರು ತಿಂಗಳೂ ತುಂಬಿಲ್ಲ...

“ಇದು ಯಾರದವಾ?”

ಹಾಲವ್ವ ಅತ್ತೆಯ ಕಾಲು ಹಿಡಿದಳು.

“ನಿಮ್ಮ ಮಗಂದರಿ ಅತ್ತಿ! ಪಂಚಮ್ಯಾಗ ನಾ ಮುಟ್ಟಾಗಿದ್ನಿರಿ!”

“ಯಾರ ಕಂಡಾರ?”

ಯಾರೂ ಕಂಡಿರಲಿಲ್ಲ. ಲಿಂಗ ಕಟ್ಟಿದ ಮನೆ. ಮುಟ್ಟೆಂದು ಹೆಣ್ಣನ್ನು ಹೊರಗೆ ಕೂಡಿಸುವ ಪದ್ಧತಿಯಿಲ್ಲ. ಪ್ರತಿ ತಿಂಗಳೂ ಹೊಟ್ಟೆ ಹಿಂಡಿ, ಕೊಡ ಒಡೆದಂತೆ ರಕ್ತ ಹೋದರೂ ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು.

ಬಾಗಿಲಲ್ಲಿದ್ದ ಸೋಮನಿಂಗಪ್ಪ ಎಲ್ಲ ಕೇಳಿದ. ಒಂದು ಮಾತೂ ಆಡದೆ ಸೈಕಲ್ ತೆಗೆದು ಹೊರಟೇಬಿಟ್ಟ!

‘ನನ್ನ ಮುಖವನ್ನೂ ನೋಡಲಿಲ್ಲ... ಅವರೂ ನಂಬಿಬಿಟ್ಟರೇ?’

ಸೊಸೆಯನ್ನು ತವರಿಗೆ ಕರೆದೊಯ್ಯಲು ಮಲಕವ್ವ ಬೆಳುಂಕಿಗೆ ಹೇಳಿಕಳಿಸಿದಳು. ಹಾಲವ್ವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲಿನ ಬೇಳೆ ಸೀದದ್ದೂ ಅವಳಿಗೆ ಗೊತ್ತಾಗಲಿಲ್ಲ. ರಾತ್ರಿಯಾದರೂ ಗಂಡ ಬರಲಿಲ್ಲ.

ಮರುದಿನ ಅಣ್ಣ ಬಸಗೊಂಡ ಚಕ್ಕಡಿ ಹೂಡಿಕೊಂಡು ಬಂದ. ಅವಳು ಬಟ್ಟೆಯ ಗಂಟು ಕಟ್ಟುತ್ತಿರುವಾಗಲೇ ಅಂಗಳದಲ್ಲಿ ಸೈಕಲ್ ಬಿದ್ದ ಸದ್ದು!

“ಅವ್ವಾ, ಪಂಚಮ್ಯಾಗ ಇಕಿ ಮುಟ್ಟಾಗಿದ್ದು ಖರೆ. ನಾನ ಕಂಡೀನಿ. ಹೊಟ್ಟಿ ಕಾಸಾಕ ಇಟ್ಟಿಗಿ ಬಿಸಿ ಮಾಡಿ ಕೊಟ್ಟಾಂವ ನಾ!”

“ನಿನ್ನೆನ ಬಾಯಾಗ ಏನ್ ಇಟಗೊಂಡಿದ್ಯೋ?”

“ಯಲ್ಲವ್ವನ ಮುಂದ ಹೇಣ್ತಿ ಮುಟ್ಟಿನ ಮಾತು ಹೆಂಗ ಆಡ್ಲಿ? ಹೊಟ್ಟಿ ಯಾಕ ಹಿಂಗ ಅಂತ ಕೇಳಾಕ ಜತ್ತಿಗೆ ಹೆಣ್ಣ ಡಾಕ್ಟರ್ ಬಾಯಾರ ಕಡೆ ಹೋಗಿದ್ನಿ. ತಿಂಗಳಾ ಇಷ್ಟು ನೋವು, ಇಷ್ಟು ರಕ್ತ ಹೋಗೋರಿಗೆ ಗರ್ಭಚೀಲದ ಗ್ವಾಡಿ ಮೊದಲ ಬಾತಿರತೈತಂತ. ಬಸರಾದ್ರ ತಿಂಗಳಕಿಂತ ದೊಡ್ಡದ ಅನಸತೈತಿ ಅಂದ್ರು. ಗಡ್ಡೀನೂ ಇರಬಹುದು, ಬರೇ ಕೈಲೆ ಅವರಿಗೂ ಹೇಳಾಕ ಆಗೂದಿಲ್ಲಂತ. ಕರಕೊಂಡು ಬಾ ಅಂದಾರ.”

ಮಲಕವ್ವ ಒಳಗೆ ಹೋದಳು. ತಾನೇ ಕೂತು ಸೊಸೆಯ ಗಂಟು ಬಿಚ್ಚಿದಳು.

ಹಿತ್ತಲಲ್ಲಿ ಹಾಲವ್ವ ಗಂಡನ ಎದೆಗೆ ಗುದ್ದಿದಳು.

“ಹೋಗುಮುಂದ ನನ್ನ ಮಾರಿನರ ನೋಡಬಾರದಿತ್ತೇನ್ರಿ?”

“ನೋಡಿದ್ರ ಹೋಗಾಕ ಕಾಲು ಬರತಿದ್ದಿಲ್ಲ.”

“ಕೂಸಲ್ಲ, ಗಡ್ಡೀನ ಅಂದ್ರ...?”

“ಅಂದ್ರೂ ನೀ ನನ್ನಾಕಿ, ಹುಚ್ಚಿ!”

ಅಂದೇ ಹೊತ್ತು ಮುಳುಗುವ ಮುಂಚೆ ಬಸಗೊಂಡ ಬೆಳುಂಕಿಗೆ ಹೊರಟ. ಚಕ್ಕಡಿಯಲ್ಲಿ ಅವನೊಬ್ಬನೇ ಇದ್ದ.