ಮೂರನೆಯ ಟಕ್

ಆಂಬುಲೆನ್ಸಿನ ಗೇರ್‌ಬಾಕ್ಸ್ ಬಿಚ್ಚಿ ನೋಡಿದರೆ ಒಳಗಿನ ಆಯಿಲ್ ಪಂಪ್ ನುಚ್ಚುನೂರು. ಇಂಜಿನ್ ಚಾಲೂ ಮಾಡಿ ಎರಡು ನಿಮಿಷವೂ ಓಡಿರಲಿಲ್ಲ!

"ನಿನ್ನೆ ಜೋಡಿಸಿದ್ದು ಅಜ್ಜ. ಕಿವಿ ಕೇಳದವನ ಕೈಗೆ ಕೊಟ್ರೆ ಇನ್ನೇನಾಗುತ್ತೆ?" ಎಂದ ಫೋರ್‌ಮನ್. ಗ್ಯಾರೇಜಿನ ಯಜಮಾನಿಗೆ ಅವನು ಒಡಹುಟ್ಟಿದ ತಮ್ಮ.

ಯಜಮಾನಿ ಕೈ ಚಾಚಿದಳು. "ಟೂಲ್ ಬೀರುವಿನ ಕೀಲಿ ಕೊಟ್ಬಿಡಿ ಅಜ್ಜ. ನಾಳೆಯಿಂದ ಬರೋದು ಬೇಡ."

ಇದೇ ಗ್ಯಾರೇಜಿನಲ್ಲಿ ನಲವತ್ತು ವರ್ಷದ ಮೆಕ್ಯಾನಿಕ್ ಕೆಲಸ. ಅಜ್ಜ ಅವಳ ತುಟಿ ಓದಿ, ಜೇಬು ತಡಕಾಡಿ, ಕೀಲಿಯನ್ನು ಅವಳ ಅಂಗೈಗಿಟ್ಟ.

"ಸ್ವಲ್ಪ ತಾಳಿ," ಎಂದಳು ಹಾನಿ ಪರಿಶೀಲಿಸಲು ಬಂದಿದ್ದ ವಿಮೆ ಸರ್ವೇಯರ್. ಬೆಳ್ಳಗಿದ್ದದ್ದೆಲ್ಲ ಹಾಲೆಂದು ನಂಬದಿರುವುದೇ ಅವಳ ಉದ್ಯೋಗ. ಪಂಪೇ ಕಳಪೆಯೇನೋ ಎಂದು ಮೊದಲು ಶಂಕಿಸಿದಳು. ಅಲ್ಲ, ಯಾವುದೋ ಭಾರಿ ಒತ್ತಡ ಅದನ್ನು ಇಂಜಿನ್ ಕಡೆಯಿಂದ ಜಜ್ಜಿತ್ತು. ಬೋಲ್ಟ್‌ಗಳ ಮೂಲೆಗಳಲ್ಲಿ ಬಣ್ಣ ಕಿತ್ತುಹೋಗಿತ್ತು.

"ಇದನ್ನ ಕೈ ಸ್ಪ್ಯಾನರಿನಲ್ಲಲ್ಲ, ಗಾಳಿ ಗನ್ನಿನಲ್ಲಿ ಬಿಗಿಸಿದ್ದಾರೆ. ಯಾರು?"

"ಅಜ್ಜನೇ ಇರ್ಬೇಕು. ನಾನು ನಿನ್ನೆ ಆ ಕಡೆ ತಲೆ ಹಾಕಿಯೂ ಮಲಗಿಲ್ಲ," ಎಂದ ಫೋರ್‌ಮನ್.

* * *

"ಬೇರೆ ಗೇರ್‌ಬಾಕ್ಸಿನಲ್ಲಿ ಇನ್ನೊಂದು ಕನ್ವರ್ಟರ್ ಕೂರಿಸಿ ತೋರಿಸ್ತೀರಾ ಅಜ್ಜ?" ಎಂದಳು ಸರ್ವೇಯರ್.

ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್, ದೊಡ್ಡ ಗಡಿಗೆಯಷ್ಟು ದಪ್ಪದ ಉಕ್ಕು. ಅಜ್ಜ ಅದನ್ನೆತ್ತಿ ಗೇರ್‌ಬಾಕ್ಸಿನ ಬಾಯಿಗಿಟ್ಟು, ಕಣ್ಣು ಮುಚ್ಚಿ, ಒತ್ತುತ್ತ ತಿರುಗಿಸಿದ.

ಟಕ್. ಇನ್ನೂ ಇಲ್ಲವೆಂದು ತಲೆಯಾಡಿಸಿದ.

ಟಕ್. ಮತ್ತೆ ತಲೆಯಾಡಿಸಿದ. ಸರ್ವೇಯರಳ ಅಂಗೈ ಎಳೆದು ಉಕ್ಕಿಗೆ ಒತ್ತಿದ.

ಟಕ್! ಮೊಣಕೈವರೆಗೂ ಝುಮ್ಮೆಂದಿತು. ಅಬ್ಬಾ! ಇಷ್ಟು ಭಾರದ ವಸ್ತು ಇಷ್ಟು ನಾಜೂಕಾಗಿ ಮನೆ ಸೇರಿತೇ? ಕೇಳದ ಕಿವಿಯ ಕೆಲಸವನ್ನು ಈ ಕೈ ಮಾಡುತ್ತಿದೆಯಲ್ಲ!

"ಮೂರನೇ ಟಕ್ ಬೀಳದೆ ಬೋಲ್ಟ್ ಬಿಗಿದ್ರೆ ಇದು ಒತ್ತಿ ಪಂಪ್ ಪುಡಿ," ಎಂದ ಅಜ್ಜ.

ಫೋರ್‌ಮನ್ ನಕ್ಕ. "ಏನು ಮಹಾ! ನಿನ್ನೆಯೂ ಹೀಗೇ ಮೂರು ಸಲ ಟಕ್ ಅಂತು. ಆದ್ರೂ ಒಡೀತಲ್ಲ!"

ಸರ್ವೇಯರ್ ತಿರುಗಿದಳು. "ಆ ಕಡೆ ತಲೆ ಹಾಕಿಯೂ ಮಲಗದವರಿಗೆ ಅದು ಹೇಗೆ ಕೇಳಿಸ್ತು?"

ಅವನ ನಗು ಅಲ್ಲೇ ನಿಂತಿತು.

"ಅಂದ್ರೆ ಅಜ್ಜ ಸರಿಯಾಗೇ ಕೂರಿಸಿದ್ರು. ಆಮೇಲೆ ಯಾರೋ ಗೇರ್‌ಬಾಕ್ಸನ್ನ ಇಂಜಿನ್ನಿನಿಂದ ಹಿಂದಕ್ಕೆಳೆದ್ರು. ಕನ್ವರ್ಟರ್ ಜಾರಿ ಮುಂದೆ ಬಂತು. ಮತ್ತೆ ಕೂರಿಸದೆ, ಎರಡರ ಮಧ್ಯೆ ಉಳಿದ ಸಂದನ್ನ ಗನ್ನಿನಿಂದ ಬೋಲ್ಟ್ ಬಿಗಿದು ಮುಚ್ಚಿದ್ರು."

"ಗನ್ ಪೆಟ್ಟಿಗೆ ಕೀಲಿ ಇರೋದು ನಿನ್ನ ಹತ್ರ ಮಾತ್ರ ಕಣೋ," ಎಂದಳು ಯಜಮಾನಿ, ಮೆಲ್ಲಗೆ.

"ಮಧ್ಯೆ ವೈರು ಸಿಕ್ಕಿಹಾಕ್ಕೊಂಡಿತ್ತು ಅಕ್ಕಾ. ಬಿಡಿಸೋಕೆ ಎಳೆದೆ. ಒಮ್ಮೆ ಕೂತದ್ದು ಕೂತೇ ಇರುತ್ತೆ ಅಂದ್ಕೊಂಡೆ..."

ಯಜಮಾನಿ ಕೀಲಿಯನ್ನು ಎರಡೂ ಕೈಯಿಂದ ಹಿಂದಿರುಗಿಸಿದಳು. "ತಪ್ಪಾಯ್ತು ಅಜ್ಜ."

ಅಜ್ಜ ಕೀಲಿ ಜೇಬಿಗಿಳಿಸಿದ. ಯಾರನ್ನೂ ಬೈಯಲಿಲ್ಲ. ಕನ್ವರ್ಟರನ್ನು ಹೊರಗೆಳೆದು, ಫೋರ್‌ಮನ್‌ನ ಅಂಗೈ ಹಿಡಿದು ಅದರ ಮೇಲಿಟ್ಟ.

"ಕಿವಿ ಬೇಡಪ್ಪ. ಕೈ ಕೊಡು. ಎಣಿಸು."