ಹಕ್ಕಿ ಕೂತ ಜಾಗ

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಹಿಮ್ಮಡಿ ಮುರಿದ ಬೆಳ್ಳಿ ಬಣ್ಣದ ಚಪ್ಪಲಿಯಿತ್ತು. ಒಂದೇ ಒಂದು. ಅದು ಅವಳದ್ದಲ್ಲ, ತಂಗಿಯದು. ಹಿಂದಿನ ರಾತ್ರಿ ಹಳೆಯ ಗೋದಾಮಿನಲ್ಲಿ ಡಿಜೆ ಸಂಗೀತದ ಜೊತೆ ಫ್ಯಾಷನ್ ಶೋ ಇತ್ತು. ಕೊನೆಯಲ್ಲಿ ತಂಗಿ ಬಿಳಿ ಗೌನು ತೊಟ್ಟು ವೇದಿಕೆಗೆ ಬಂದಿದ್ದಳು. ಗೌನಿನ ಮೇಲೆ ಬೆಳಕಿನ ಹಕ್ಕಿಯೊಂದು ರೆಕ್ಕೆ ಬಿಚ್ಚಿತು, ಮರುಕ್ಷಣ ಅವಳು ವೇದಿಕೆಯಿಂದ ಕೆಳಗೆ ಬಿದ್ದಳು. ಈಗ ಆಸ್ಪತ್ರೆಯಲ್ಲಿದ್ದಾಳೆ. ತೊಡೆಯ ಮೂಳೆ ಎರಡು ಕಡೆ ಮುರಿದಿದೆ.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು. ಒಂದು ಕಡೆ ಕೂತು ಮಾತಾಡುವುದು ಅವರಿಗಾಗದು. ಮೇಜಿಗೂ ಕಿಟಕಿಗೂ ನಡುವೆ ಓಡಾಡುತ್ತಲೇ ಕೇಳಿದರು.

"ಅನುಮಾನ ಏನು ಬಂತು? ವೇದಿಕೆ ಕಟ್ಟಿದ ಬಡಗೀದೇ ತಪ್ಪು. ಅಂಚಿನ ಹಲಗೆ ಅಲ್ಲಾಡ್ತಿತ್ತಂತೆ."

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಿದ್ರು. ನಾನು ನೋಡಿಲ್ಲ. ಅವಳ ತಲೆ ಬಾಚಿ ಕಳಿಸಿ ಪರದೆ ಹಿಂದೆ ನಿಂತಿದ್ದೆ." ಅಕ್ಕ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡಳು. "ಇನ್ನೊಂದು ಚಪ್ಪಲಿ ಸಿಗಲೇ ಇಲ್ಲ ಮೇಡಂ."

ಎಫ್‌ಐಆರ್ ಬರೆದವರು ಮುಖ್ಯಪೇದೆ. ಠಾಣೆಯಲ್ಲಿ ಅವರನ್ನು ರೇಡಿಯೋ ಎನ್ನುತ್ತಿದ್ದರು. ಬಾಯಿಗೆ ಬಿಡುವು ಕೊಟ್ಟವರಲ್ಲ. ಅವರು ಬರೆದು ಮುಗಿಸುವಷ್ಟರಲ್ಲಿ ಮೇಲಿನ ಸಾಹೇಬರ ಫೋನು ಬಂತು. ಕಾರ್ಯಕ್ರಮ ನಡೆಸಿದವರು ದೊಡ್ಡ ಮನುಷ್ಯರು, ವಿಷಯ ಬೆಳೆಯಬಾರದು, ಸಂಜೆಯೊಳಗೆ ಬಡಗಿಯನ್ನು ಒಳಗೆ ಹಾಕಿ ಎಂದರು.

"ಸಾಹೇಬ್ರ ತನಿಖೆ ಮುಗೀತು, ನಮ್ಮದು ಶುರು ಆಗ್ಬೇಕು," ಎಂದರು ರೇಡಿಯೋ.

ಗೋದಾಮಿನಲ್ಲಿ ಹಗಲು ಬೆಳಕಿಗೆ ಎಲ್ಲವೂ ಪೇಲವವಾಗಿತ್ತು. ನೆಲದ ತುಂಬ ತುಳಿದು ಚಪ್ಪಟೆಯಾದ ಲೋಟಗಳು. ಬಡಗಿ ತಾನಾಗಿಯೇ ಬಂದು ವೇದಿಕೆಯ ಪಕ್ಕ ನಿಂತಿದ್ದ. ಬೆಳಗ್ಗೆಯಿಂದ ನೀರು ಕುಡಿದಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಕುಣಿದು ನೋಡಿ ಮೇಡಂ. ನಾನು ಕಟ್ಟಿದ ಹಲಗೆ ಮೇಲೆ ನನ್ನ ಮಗಳನ್ನೇ ಬೇಕಾದ್ರೆ ನಿಲ್ಲಿಸ್ತೀನಿ."

ಮೇಡಂ ಬೂಟುಗಾಲಲ್ಲಿ ಅಂಚಿನ ಹಲಗೆಯ ಮೇಲೆ ಜಿಗಿದರು. ಅದು ಮಿಸುಕಲಿಲ್ಲ. ರೇಡಿಯೋ ಜಿಗಿದರು. ಅವರ ಹೊಟ್ಟೆ ಅಲ್ಲಾಡಿತೇ ಹೊರತು ಹಲಗೆ ಅಲ್ಲಾಡಲಿಲ್ಲ.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಕತ್ತಲಲ್ಲಿ ಹೊಳೆಯುವ ಹಸಿರು ಟೇಪನ್ನು ಅಡ್ಡಡ್ಡ ಅಂಟಿಸಿದ ಗುರುತು ವೇದಿಕೆಯ ಮೇಲಿತ್ತು. ಹುಡುಗಿ ನಿಲ್ಲಬೇಕಾಗಿದ್ದ ಜಾಗ ಅದು. ಅಲ್ಲಿಂದ ಅಂಚಿಗೆ ಮೂರು ಹೆಜ್ಜೆ. ಹಲಗೆಯೂ ಸರಿ, ಗುರುತೂ ಸರಿ. ಹಾಗಾದರೆ ಬಿದ್ದದ್ದು ಹೇಗೆ? ಅಂಚಿನ ಬಳಿ ಮಂಡಿಯೂರಿ ಬರೆಯುತ್ತಿದ್ದ ರೇಡಿಯೋ ಏಳಹೋದರು. ಪಂಚನಾಮೆಯ ಹಾಳೆ ಏಳಲಿಲ್ಲ.

"ಅಯ್ಯೋ, ಹಿಡ್ಕೊಂಡುಬಿಟ್ಟಿದೆ!"

ಹಾಳೆ ಕಿತ್ತರೆ ಅಡಿಯಲ್ಲಿ ಗೋಂದು. ಟೇಪು ಕಿತ್ತ ಮೇಲೆ ಉಳಿದ ಗೋಂದು, ಅದೂ ಅಡ್ಡಡ್ಡವಾಗಿ. ಮೇಡಂ ಬೆರಳಿಟ್ಟು ನೋಡಿದರು. ಇನ್ನೂ ಅಂಟುತ್ತಿತ್ತು. ಅಲ್ಲಿಂದ ಅಂಚಿಗೆ ಒಂದು ಹೆಜ್ಜೆಗೂ ಕಡಿಮೆ.

ಆಸ್ಪತ್ರೆಯಲ್ಲಿ ಹುಡುಗಿಯ ಕಣ್ಣಂಚಿನಲ್ಲಿ ಇನ್ನೂ ಬೆಳ್ಳಿ ಪುಡಿಯಿತ್ತು. ಅಕ್ಕ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಗುರುತಿನ ಮೇಲೇ ನಿಂತಿದ್ಯಾ?" ಮೇಡಂ ಕೇಳಿದರು.

"ಹೂಂ. ವೇದಿಕೆ ದೀಪ ಎಲ್ಲಾ ಆರಿಸಿರ್ತಾರೆ. ಆ ಟೇಪು ಬಿಟ್ರೆ ನಮಗೆ ಏನೂ ಕಾಣಲ್ಲ. ಅದನ್ನೇ ನಂಬ್ಕೊಂಡು ನಡೀತೀವಿ."

"ಆಮೇಲೆ?"

"ಮೊದಲು ಬಲಕ್ಕೆ ತಿರುಗೋದು ಅಂತಿತ್ತು. ಸಂಜೆ ಕೊನೇ ರಿಹರ್ಸಲ್‌ನಲ್ಲಿ ಬದಲಾಯಿಸಿದ್ರು. ಮುಂದಕ್ಕೆ ಒಂದು ಹೆಜ್ಜೆ. ಇಟ್ಟೆ."

"ಹಲಗೆ ಅಲ್ಲಾಡ್ತಾ?"

"ಹಲಗೇನೇ ಇರಲಿಲ್ಲ ಮೇಡಂ." ಹುಡುಗಿ ಅಕ್ಕನ ಕಡೆ ತಿರುಗಿದಳು. "ಮತ್ತೆ ನಡೀತೀನಾ ಅಂದ್ರೆ ಡಾಕ್ಟರು ಮಾತು ಬದಲಾಯಿಸ್ತಾರೆ ಕಣೇ." ಅಕ್ಕ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಳು.

ಟೇಪನ್ನು ಯಾರೋ ಮುಂದಕ್ಕೆ ಸರಿಸಿದ್ದರು, ಬಿದ್ದ ಮೇಲೆ ಹಿಂದಕ್ಕೆ ಅಂಟಿಸಿದ್ದರು. ಆದರೆ ಆ ಗಡಿಬಿಡಿಯಲ್ಲಿ ವೇದಿಕೆ ಹತ್ತಿದವರು ಒಬ್ಬಿಬ್ಬರೇ? ಸಾಹೇಬರ ಫೋನು ಎರಡನೇ ಸಲ ಬಂತು. ಮೇಡಂ ಎತ್ತಲಿಲ್ಲ. ಜೀಪಿಗೆ ಒರಗಿ ನಿಂತು, ಜನ ಮೊಬೈಲಿನಲ್ಲಿ ತೆಗೆದ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿದರು. ಎಲ್ಲದರಲ್ಲೂ ಅದೇ ಎದೆಗೆ ಗುದ್ದುವ ಸದ್ದು, ಅದೇ ಕತ್ತಲು, ಅದೇ ಹಕ್ಕಿ.

"ಏನು ಕೂತಿದೆ ನೋಡಿ ಮೇಡಂ ಹಕ್ಕಿ," ಎಂದರು ರೇಡಿಯೋ. "ದರ್ಜಿ ಅಳತೆ ತಗೊಂಡು ಹೊಲಿದ ಹಾಗಿದೆ. ಗೌನಿನಿಂದ ಒಂದು ಗರಿ ಹೊರಗಿಲ್ಲ."

ಮೇಡಂ ವಿಡಿಯೋ ನಿಲ್ಲಿಸಿ, ಗೌನು ಹೊಲಿದವಳಿಗೆ ಫೋನು ಹಚ್ಚಿದರು.

"ಹುಡುಗಿ ಎಲ್ಲಿ ನಿಂತ್ರೆ ಅಲ್ಲಿಗೆ ಚಿತ್ರ ಬರತ್ತಾ?"

"ಇಲ್ಲ ಮೇಡಂ. ಪ್ರೊಜೆಕ್ಟರಿನಿಂದ ಚಿತ್ರ ಬೀಳೋ ಜಾಗ ಮೊದಲೇ ಹೊಂದಿಸಿರ್ತಾರೆ. ಹುಡುಗೀನೇ ಅಲ್ಲಿಗೆ ಹೋಗ್ಬೇಕು. ಒಂದು ಗೇಣು ತಪ್ಪಿದ್ರೂ ಹಕ್ಕಿ ಹರಿದುಹೋಗತ್ತೆ."

"ಹೊಂದಿಸೋದು?"

"ವಿಷುವಲ್ಸ್ ಮಾಡೋನು, ಈ ಬೆಳಕಿನ ಚಿತ್ರಗಳನ್ನ. ಅವನ ಕಂಪ್ಯೂಟರ್ ಬೇರೆಯವರು ಮುಟ್ಟಂಗಿಲ್ಲ."

ಗುರುತು ಸರಿದಿತ್ತು, ಜೊತೆಗೆ ಹಕ್ಕಿಯೂ ಸರಿದಿತ್ತು. ಬೇರೆ ಯಾರೇ ಟೇಪು ಸರಿಸಿದ್ದರೂ ಹುಡುಗಿ ಒಂದು ಕಡೆ, ಹಕ್ಕಿ ಒಂದು ಕಡೆ ಆಗಬೇಕಿತ್ತು.

ಅವನ ಮನೆ ಮೂರನೇ ಮಹಡಿಯಲ್ಲಿತ್ತು. ಮೂವತ್ತರ ಆಸುಪಾಸಿನ ಯುವಕ. ರಾತ್ರಿ ತೊಟ್ಟ ಕಪ್ಪು ಅಂಗಿಯಲ್ಲೇ ಇದ್ದ. ಹೊರಗೆ ಬಂದು ಬಾಗಿಲೆಳೆದುಕೊಂಡ.

"ಒಳಗೆ ಅಪ್ಪ ಇದಾರೆ. ಇಲ್ಲೇ ಮಾತಾಡೋಣ ಮೇಡಂ."

"ಟೇಪು ಸರಿಸಿದ್ದು ಯಾಕೆ?"

ಅವನು ಸುಳ್ಳು ಹುಡುಕಿದ. ಸಿಗಲಿಲ್ಲ.

"ಡಿಜೆ ಹಿಂದಿನ ದೀಪಗಳು ನನ್ನ ಹಕ್ಕೀನ ತಿಂದ್ಹಾಕ್ತಿದ್ವು. ಎರಡು ಹೆಜ್ಜೆ ಮುಂದೆ ತಂದ್ರೆ ಪೂರ್ತಿ ಕತ್ತಲು, ಚಿತ್ರ ಎದ್ದು ಕಾಣತ್ತೆ."

"ಹುಡುಗಿಗೆ ಹೇಳಿದ್ರಾ?"

"ಬಲಕ್ಕೆ ತಿರುಗ್ತಾಳೆ ಅಂದ್ಕೊಂಡಿದ್ದೆ. ಕೊನೇ ರಿಹರ್ಸಲ್‌ಗೆ ನಾನಿರಲಿಲ್ಲ, ಅಪ್ಪನ್ನ ಕರ್ಕೊಂಡು ಬರೋಕೆ ಹೋಗಿದ್ದೆ. ವಾಪಸ್ ಬಂದವನೇ ಟೇಪು ಸರಿಸಿದೆ. ನಾವು ಗೌನು ನೋಡ್ತೀವಿ ಮೇಡಂ. ಕಾಲು ನೋಡಲ್ಲ."

"ಅವಳು ಬಿದ್ದಾಗ?"

"ಎಲ್ಲರೂ ಅವಳ ಹತ್ರ ಓಡಿದ್ರು." ಅವನ ದನಿ ಇಳಿಯಿತು. "ನಾನು ಟೇಪಿನ ಹತ್ರ ಓಡಿದೆ."

"ಹಲಗೆ ಅಲ್ಲಾಡ್ತಿತ್ತು ಅಂತ ಮೊದಲು ಹೇಳಿದ್ದು?"

"ನಾನೇ."

ಟೇಪು ಸರಿಸಿದ್ದನ್ನು ಮೇಡಂ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರೇನೋ. ನೀರು ಕುಡಿಯದೆ ನಿಂತ ಬಡಗಿಯ ಮುಖ ನೆನಪಾಗಿ ಅವರಿಗೆ ಮೈಯೆಲ್ಲ ಉರಿಯಿತು. ನಿರ್ಲಕ್ಷ್ಯದಿಂದ ತೀವ್ರ ಗಾಯ, ಸಾಕ್ಷ್ಯನಾಶ. ಬಂಧಿಸಿರುವುದಾಗಿ ಹೇಳಿದರು. ರೇಡಿಯೋ, ಮೇಲಿನ ಸಾಹೇಬರಿಗೆ ಫೋನು ಮಾಡಿ, ಬಡಗಿಯನ್ನು ಮನೆಗೆ ಕಳಿಸುತ್ತಿದ್ದೇವೆ ಎಂದರು. ಅಷ್ಟು ಚುಟುಕಾಗಿ ಅವರು ಮಾತಾಡಿದ್ದು ಅದೇ ಮೊದಲು.

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು, ಅದು ನಿಯಮ. ಮೇಡಂ ಬಾಗಿಲು ತಳ್ಳಿ ಒಳಗೆ ಹೋದರು. ಕುರ್ಚಿಯಲ್ಲಿ ಮುದುಕರೊಬ್ಬರು ಮುಖ ಬೆಳಕಿನ ಕಡೆ ಎತ್ತಿ ಕೂತಿದ್ದರು. ಗೋಡೆಯ ಮೇಲೆ ಅವರು ಹಿಂದೆ ಬರೆದ ಅಂಗಡಿ ಬೋರ್ಡುಗಳು ಸಾಲಾಗಿದ್ದವು; ಒಂದಕ್ಕಿಂತ ಒಂದರಲ್ಲಿ ಅಕ್ಷರ ದೊಡ್ಡದಾಗುತ್ತ ಹೋಗಿ, ಕೊನೆಯದರಲ್ಲಿ ಗೆರೆ ತಪ್ಪಿತ್ತು.

"ಮಗನ ಕೆಲಸದವರಾ?" ಮುದುಕರು ನಕ್ಕರು. "ಬನ್ನಿ ಬನ್ನಿ. ನಿನ್ನೆ ನಾನೂ ಬಂದಿದ್ದೆ. ಹಗಲೇ ಮಬ್ಬು ನನಗೆ. ಈ ವರ್ಷ ಪೂರ್ತಿ ಹೋಗತ್ತಂತೆ ಕಣ್ಣು. ಅದಕ್ಕೇ ಇವನು ಹಟ ಹಿಡಿದು ಕರ್ಕೊಂಡು ಹೋದ. ಇಷ್ಟು ವರ್ಷದಲ್ಲಿ ಇವನ ಒಂದು ಚಿತ್ರಾನೂ ನೋಡಿರಲಿಲ್ಲ ನಾನು."

"ನಿನ್ನೆ ಕಾಣಿಸ್ತಾ?" ಮೇಡಂ ಕೇಳಿದರು. ಯಾಕೆ ಕೇಳಿದರೆಂದು ಅವರಿಗೂ ಗೊತ್ತಿಲ್ಲ.

"ಚೆನ್ನಾಗಿ ಕಾಣಿಸ್ತಮ್ಮ! ಬೆಳ್ಳಗೆ ಹಕ್ಕಿ. ರೆಕ್ಕೆ ಬಿಚ್ಚಿತು, ಪುರ್ ಅಂತ ಹಾರೇಹೋಯ್ತು. ಎಂಥಾ ಕೈಚಳಕ! ಅಷ್ಟು ಜನ ಕೂಗಿದ್ರು ನೋಡಿ, ನಾನೂ ಕೈ ಉರಿಯೋ ತನಕ ಚಪ್ಪಾಳೆ ಹೊಡೆದೆ."

ಬಾಗಿಲಲ್ಲಿ ನಿಂತಿದ್ದ ಮಗ ಬೇಡ ಎಂಬಂತೆ ತಲೆಯಾಡಿಸಿದ. ಮೇಡಂ ಅವನನ್ನು ನೋಡಿದರು, ಮುದುಕರನ್ನು ನೋಡಿದರು, ಬೆಳಗ್ಗೆಯಿಂದ ಮೊದಲ ಬಾರಿಗೆ ಒಂದು ಕಡೆ ಕೂತರು. ಹುಡುಗಿ, ಟೇಪು, ಬಡಗಿ ಎಲ್ಲವನ್ನೂ ನಿಧಾನವಾಗಿ ಹೇಳಿದರು.

ಮುದುಕರು ತಮ್ಮ ಅಂಗೈಗಳನ್ನು ತಡವಿಕೊಂಡರು. ಆಮೇಲೆ ಮಗ ಎಲ್ಲಿದ್ದಾನೆಂದು ತಿಳಿಯದೆ, ಕಿಟಕಿಯ ಕಡೆ ತಿರುಗಿ ಕೇಳಿದರು.

"ಆ ಮಗು ಬಿದ್ದಾಗ್ಲೇನೋ ನಾನು ಚಪ್ಪಾಳೆ ಹೊಡೆದದ್ದು?"