ಚೆನ್ನಿಗನ ಪಾಲಿನ ಕೆಂಪುಮಧು

ಬಹಳ ಬಹಳ ಹಿಂದೆ, ಹೊಳೆಯೊಂದು ಕಡಲಿಗೆ ಸೇರುವ ಕಡೆ, ಮಧುವಂತಿ ಎಂಬ ರಾಜ್ಯವಿತ್ತು. ಅಲ್ಲಿನ ಗುಡ್ಡಗಳ ಮೇಲೆಲ್ಲ ದ್ರಾಕ್ಷಿ ಬಳ್ಳಿಗಳು. ಹಣ್ಣನ್ನು ಕಲ್ಲಿನ ತೊಟ್ಟಿಯಲ್ಲಿ ತುಳಿದು, ರಸ ಹುಳಿಯೇರುವ ಹೊತ್ತಿಗೆ ಖಾರದ ಸಾರಾಯಿ ಬೆರೆಸಿ, ಸಿಹಿ ಕೆಡದಂತೆ ಸೀಸೆಗಳಲ್ಲಿ ತುಂಬಿಡುತ್ತಿದ್ದರು. ಹಡಗಿನವರು ಅದನ್ನು ಪೋರ್ಟ್ ಎನ್ನುತ್ತಿದ್ದರು. ಊರವರು ಕೆಂಪುಮಧು ಎನ್ನುತ್ತಿದ್ದರು.

ಒಂದು ವರ್ಷ ಬಳ್ಳಿಗಳು ಹೂ ಬಿಟ್ಟವು, ಕಾಯಿ ಕಟ್ಟಲಿಲ್ಲ. ಮರುವರ್ಷವೂ ಹಾಗೇ ಆಯಿತು. ಆಗ ಕರಿಗುಡ್ಡದ ಕೋಟೆಯಿಂದ ಮಾಂತ್ರಿಕ ಉಗ್ರಭಾನುವಿನ ದನಿ ಗುಡುಗಿನಂತೆ ಕೇಳಿತು.

"ನನ್ನ ನೆಲಮಾಳಿಗೆಯಲ್ಲಿ ಅರವತ್ತು ವರ್ಷದ ಸೀಸೆಯೊಂದಿದೆ. ನನ್ನ ಕೈ ನಡುಗುತ್ತದೆ. ತಳದಲ್ಲಿ ಕೂತ ಗಸಿ ಕದಡದಂತೆ ಅದನ್ನು ತೆರೆದು, ರುಚಿಯನ್ನು ಇದ್ದದ್ದು ಇದ್ದಂತೆ ಹೇಳುವವರನ್ನು ಕಳುಹಿಸಿ. ಅಲ್ಲಿಯವರೆಗೆ ನಿಮಗೆ ಹಣ್ಣಿಲ್ಲ!"

ರಾಜನು ತನ್ನ ಮಧುಶಾಲೆಯ ಜಾಣರನ್ನು ಒಬ್ಬೊಬ್ಬರನ್ನಾಗಿ ಕಳುಹಿಸಿದ. ಹನ್ನೊಂದು ಮಂದಿ ಹೋದರು. ಒಬ್ಬರೂ ಮರಳಲಿಲ್ಲ. ಹನ್ನೊಂದನೆಯವನು ಮಲ್ಲರಸ. ಅವನಿಗೆ ಕೇತಕಿ ಎಂಬ ತಂಗಿಯಿದ್ದಳು. ತಂದೆತಾಯಿ ಇಲ್ಲದ ಅವಳನ್ನು ಅವನೇ ಸಾಕಿ, ಮಧುವಿನ ಕೆಲಸವನ್ನೆಲ್ಲ ಕಲಿಸಿದ್ದ.

ಅಣ್ಣ ಹೋದ ಮೇಲೆ ಕೇತಕಿಯ ಮನೆಯಲ್ಲಿ ಮಾತೇ ನಿಂತಿತು. ಊಟಕ್ಕೆ ಎರಡು ತಟ್ಟೆ ಇಡುವಳು, ಒಂದನ್ನು ಎತ್ತಿಡುವಳು. ಒಂದು ವರ್ಷ ಹಾಗೆಯೇ ಕಳೆಯಿತು. ಕೊನೆಗೆ ಅವಳು ಅರಮನೆಗೆ ಹೋಗಿ ಕೈಮುಗಿದಳು.

"ಪ್ರಭು, ನನ್ನನ್ನು ಕಳುಹಿಸಿ."

"ಬೇಡ ಮಗಳೇ. ನೀನೂ ಹೋದರೆ ನಿಮ್ಮ ಮನೆಯಲ್ಲಿ ದೀಪ ಹಚ್ಚುವವರು ಯಾರು?"

"ಒಬ್ಬಳಿಗಾಗಿ ಹಚ್ಚುವ ದೀಪ ಆರಿದರೂ ಒಂದೇ, ಉರಿದರೂ ಒಂದೇ."

ರಾಜನು ಅವಳ ತಲೆಯ ಮೇಲೆ ಕೈಯಿಟ್ಟು ಹರಸಿ ಕಳುಹಿಸಿದ.

ಕೇತಕಿ ಮೂರು ಹಗಲು ನಡೆದು ಕರಿಗುಡ್ಡವನ್ನು ಹತ್ತಿದಳು. ಕೋಟೆಯ ಅಂಗಳದಲ್ಲಿ ಹನ್ನೊಂದು ಕಲ್ಲಿನ ಮನುಷ್ಯರು ನಿಂತಿದ್ದರು. ಹನ್ನೊಂದನೆಯ ಕಲ್ಲಿಗೆ ಅವಳ ಅಣ್ಣನ ಮುಖವಿತ್ತು. ಅವಳು ಆ ಕಲ್ಲಿನ ಕೆನ್ನೆ ಮುಟ್ಟಿದಳು. ತಣ್ಣಗಿತ್ತು.

ಮೊಣಕಾಲಿನವರೆಗೆ ಗಡ್ಡ ಬಿಟ್ಟ ಮಾಂತ್ರಿಕ ಹೊರಗೆ ಬಂದ. "ಸೀಸೆ ಕೆಳಗಿದೆ. ಹೋಗಿ ತಾ."

ನೆಲಮಾಳಿಗೆಗೆ ಅರವತ್ತು ಮೆಟ್ಟಿಲು. ಕೆಳಗೆ ಧೂಳು ಮುಚ್ಚಿದ ಸೀಸೆ ಅಡ್ಡ ಮಲಗಿತ್ತು. ಅದರ ಪಕ್ಕದಲ್ಲಿ ಎರಡು ತಲೆಯ ತೋಳ ಮಲಗಿತ್ತು. ಕೇತಕಿ ಸೀಸೆಯನ್ನು ಮಲಗಿದ್ದಂತೆಯೇ ಎರಡೂ ಅಂಗೈ ಮೇಲೆ ಎತ್ತಿಕೊಂಡಳು. ತೋಳ ಎದ್ದು ಹಿಂದೆಯೇ ಬಂತು. ಒಂದು ತಲೆ ಗುರುಗುಟ್ಟಿತು, ಇನ್ನೊಂದು ಅವಳ ಬೆನ್ನಿಗೆ ಬಿಸಿ ಉಸಿರು ಬಿಟ್ಟಿತು. ಓಡಿದರೆ ಗಸಿ ಕದಡುತ್ತದೆ. ಅವಳು ಓಡಲಿಲ್ಲ. ತುಂಬಿದ ಕೊಡ ಹೊತ್ತವಳಂತೆ ಮೆಟ್ಟಿಲಿಗೊಂದು ಹೆಜ್ಜೆಯಿಟ್ಟು ಹತ್ತಿದಳು. ಬೆಳಕಿಗೆ ಬಂದೊಡನೆ ತೋಳ ಹೊಗೆಯಾಗಿ ಹೋಯಿತು.

"ಒಂದಾಯಿತು," ಎಂದ ಮಾಂತ್ರಿಕ. "ಈಗ ಸೀಸೆಯನ್ನು ನಿಲ್ಲಿಸು. ಸೂರ್ಯ ಮುಳುಗುವವರೆಗೆ ಗಸಿ ತಳಕ್ಕಿಳಿಯಲಿ. ಅದರಿಂದ ಕಣ್ಣು ಕಿತ್ತೆಯೋ, ನೀನೂ ಕಲ್ಲು."

ಕೇತಕಿ ಸೀಸೆಯ ಮುಂದೆ ಕುಳಿತಳು. ಬಿಸಿಲೇರಿತು. ನಡುಹಗಲಿಗೆ ಬೆನ್ನ ಹಿಂದಿನಿಂದ ಅಣ್ಣನ ದನಿ ಬಂತು. "ತಂಗೀ, ನಾನು ಕಣೇ. ಇತ್ತ ನೋಡು."

ಅವಳು ನೋಡಲಿಲ್ಲ.

"ಒಮ್ಮೆ ನೋಡೇ. ನಿನ್ನ ಮುಖ ಕಾಣದೆ ಎಷ್ಟು ದಿನವಾಯಿತು!"

ಒಂದು ವರ್ಷದಿಂದ ಅವಳನ್ನು ಯಾರೂ ತಂಗೀ ಎಂದು ಕರೆದಿರಲಿಲ್ಲ. ಅದು ಮಾಯೆಯ ದನಿಯೆಂದು ಅವಳಿಗೆ ಗೊತ್ತಿತ್ತು. ಆದರೂ ಅದು ನಿಲ್ಲದಿರಲಿ, ಇನ್ನೊಮ್ಮೆ ಕರೆಯಲಿ ಎಂದು ಜೀವ ಹಂಬಲಿಸಿತು. ಕಣ್ಣೀರು ಇಳಿಯಿತು. ಒರೆಸಿಕೊಂಡರೆ ಸೀಸೆ ಕಣ್ಣಿಗೆ ಮರೆಯಾದೀತೆಂದು ಅವಳು ಒರೆಸಿಕೊಳ್ಳಲೂ ಇಲ್ಲ. ಸೂರ್ಯ ಮುಳುಗಿದ. ದನಿ ನಿಂತಿತು.

"ಎರಡಾಯಿತು," ಎಂದ ಮಾಂತ್ರಿಕ. ಅವನ ದನಿ ಸ್ವಲ್ಪ ಇಳಿದಿತ್ತು.

ಬೆಳಗಾಯಿತು. ಸೀಸೆಯ ಬಿರಡೆ ಹಳತಾಗಿ ಪುಡಿಯಾಗುವಂತಿತ್ತು. ಕೇತಕಿ ಅದನ್ನು ಕೀಳಲು ಹೋಗಲಿಲ್ಲ. ಕಬ್ಬಿಣದ ಇಕ್ಕಳವನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಸೀಸೆಯ ಕೊರಳಿಗೆ ಹಿಡಿದಳು. ತೆಗೆದು, ಅಲ್ಲಿಗೆ ತಣ್ಣೀರಿನ ಬಟ್ಟೆ ಸುತ್ತಿದಳು. ಟಿಣ್ ಎಂದಿತು. ಬಿರಡೆಯ ಸಮೇತ ಕೊರಳು ಕತ್ತರಿಸಿದಂತೆ ಕೈಗೆ ಬಂತು.

ಆಮೇಲೆ ಸೀಸೆಯನ್ನು ಬಿಸಿಲಿಗೆ ಹಿಡಿದು, ತೆಳ್ಳನೆ ಮಲ್ಲು ಬಟ್ಟೆಯಲ್ಲಿ ಸೋಸುತ್ತ ಹೂಜಿಗೆ ಬಗ್ಗಿಸಿದಳು. ಮಧು ಎಳೆಯಾಗಿ ಇಳಿಯಿತು. ತಳದಿಂದ ಗಸಿಯ ಕಪ್ಪು ನೂಲೊಂದು ತೆವಳಿ ಬರುವುದು ಕಂಡಿತು.

"ಇನ್ನೂ ಇದೆ, ಸುರಿ!" ಎಂದು ಮಾಂತ್ರಿಕ ಅಬ್ಬರಿಸಿದ.

ಕೇತಕಿ ಕೈ ನಿಲ್ಲಿಸಿದಳು. "ಇಷ್ಟೇ ಅಜ್ಜಾ. ಉಳಿದದ್ದು ಗಸಿ."

ಮಾಂತ್ರಿಕ ಎರಡು ಬಟ್ಟಲು ತಂದಿಟ್ಟ. "ನೀನು ಕುಡಿ. ಇನ್ನೊಂದು ಚೆನ್ನಿಗನ ಪಾಲು."

"ಚೆನ್ನಿಗ ಯಾರು?"

"ನನ್ನ ಗೆಳೆಯ. ಈ ಮಧುವಿನ ಹಣ್ಣನ್ನು ಹೆಗಲ ಮೇಲೆ ಕೈ ಹಾಕಿಕೊಂಡು ಇಬ್ಬರೂ ತುಳಿದೆವು. 'ಬೊಮ್ಮಾ, ಕಡಲು ದಾಟಿ ಬರುತ್ತೇನೆ, ಬಂದ ಮೇಲೆ ತೆರೆಯೋಣ' ಎಂದು ಹಡಗು ಹತ್ತಿದ. ಅವನನ್ನು ಕರೆತರಲೆಂದೇ ಮಂತ್ರ ಕಲಿತೆ. ಬರಲಿಲ್ಲ. ನಾನು ಕಾಯುತ್ತಿರುವಾಗ ಊರವರು ವರ್ಷ ವರ್ಷ ಹಾಡುತ್ತ ಹಣ್ಣು ತುಳಿಯುತ್ತಿದ್ದರು. ನನಗೆ ಸಹಿಸಲಾಗಲಿಲ್ಲ. ಹೇಳು, ಹೇಗಿದೆ ರುಚಿ?"

ಕೇತಕಿ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ ಅದನ್ನು ನಾಲಿಗೆಯ ಮೇಲೆ ಹೊರಳಿಸಿದಳು.

"ಮೊದಲು ಒಣ ಅಂಜೂರದ ಸಿಹಿ. ಆಮೇಲೆ ಸುಟ್ಟ ಬೆಲ್ಲ, ಹಳೆಯ ಮರದ ಪೆಟ್ಟಿಗೆಯ ವಾಸನೆ. ಅಷ್ಟರಲ್ಲಿ ಮುಗಿದೇ ಹೋಯಿತು. ಅಜ್ಜಾ, ಇದು ಒಂದು ಕಾಲದಲ್ಲಿ ಬಹಳ ಚೆನ್ನಾಗಿದ್ದಿರಬೇಕು. ಈಗ ಇದರ ಕಾಲ ಕಳೆದಿದೆ. ಇಪ್ಪತ್ತು ವರ್ಷ ಮುಂಚೆ ತೆರೆಯಬೇಕಿತ್ತು."

"ಸುಳ್ಳು!" ಮಾಂತ್ರಿಕ ಕೈಯೆತ್ತಿದ. ಕೇತಕಿಯ ಪಾದಗಳು ಕಲ್ಲಾದವು. ಮೊಣಕಾಲು ಕಲ್ಲಾಯಿತು. ಅವಳು ಬಗ್ಗಿ ಎರಡನೆಯ ಬಟ್ಟಲನ್ನು ತುಂಬಿ ಅವನತ್ತ ಚಾಚಿದಳು.

"ನೀವೇ ಕುಡಿದು ನೋಡಿ, ಬೊಮ್ಮಜ್ಜ. ಒಬ್ಬರೇ ಕುಡಿಯುವುದು ಬೇಡ, ನಾನಿದ್ದೇನೆ."

ಅರವತ್ತು ವರ್ಷದಿಂದ ಆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಎತ್ತಿದ ಕೈ ಇಳಿಯಿತು. ಅವನು ನಡುಗುವ ಕೈಯಲ್ಲಿ ಬಟ್ಟಲು ಹಿಡಿದ. ಕೇತಕಿ ಅದರ ತಳಕ್ಕೆ ತನ್ನ ಕೈ ಕೊಟ್ಟಳು. ಅವನು ಕುಡಿದ.

"ಹೌದು ಮಗಳೇ," ಎಂದ ಬಟ್ಟಲನ್ನು ಕೆಳಗಿಟ್ಟು. "ಕಾಲ ಕಳೆದಿದೆ. ಚೆನ್ನಿಗ ಇನ್ನು ಬರುವುದಿಲ್ಲ."

ಅವನು ನೆಲದ ಮೇಲೆ ಕುಸಿದು ಮಗುವಿನಂತೆ ಅತ್ತ. ಅತ್ತಂತೆಲ್ಲ ಮಂತ್ರಶಕ್ತಿ ಕಣ್ಣೀರಿನಲ್ಲಿ ಹರಿದುಹೋಯಿತು. ಕೇತಕಿಯ ಕಾಲು ಮೆತ್ತಗಾಯಿತು. ಅಂಗಳದ ಹನ್ನೊಂದು ಕಲ್ಲುಗಳೂ ಮೈಮುರಿದು ಮನುಷ್ಯರಾದವು. ಮಲ್ಲರಸ ಕಣ್ಣುಜ್ಜಿಕೊಂಡು, "ಇದೇನೇ, ಇಷ್ಟು ಸೊರಗಿದ್ದೀಯ?" ಎಂದ. ಕೇತಕಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಎಲ್ಲರೂ ಗುಡ್ಡ ಇಳಿಯತೊಡಗಿದಾಗ ಮುದುಕ ಕೋಟೆಯ ಬಾಗಿಲಲ್ಲೇ ನಿಂತಿದ್ದ. ಕೇತಕಿ ಹಿಂದಿರುಗಿ ಬಂದು ಅವನ ಕೈ ಹಿಡಿದಳು. "ಇಲ್ಲಿ ಯಾರಿದ್ದಾರೆ ಅಜ್ಜಾ? ನಡೆಯಿರಿ."

ಹನ್ನೊಂದು ಮಂದಿ ಮುಖ ಗಂಟಿಕ್ಕಿದರು. ಆದರೂ ಕಡಿದಾದ ದಾರಿಯಲ್ಲಿ ಸರದಿಯಂತೆ ಅವನನ್ನು ಬೆನ್ನ ಮೇಲೆ ಹೊತ್ತರು.

ಆ ವರ್ಷ ಬಳ್ಳಿಗಳು ಹಣ್ಣಿನ ಭಾರಕ್ಕೆ ನೆಲ ಮುಟ್ಟಿದವು. ಊರೆಲ್ಲ ತೊಟ್ಟಿಗಿಳಿದು ತುಳಿಯಿತು. ಮುದುಕ ಬೊಮ್ಮ ತೊಟ್ಟಿಯ ದಂಡೆಯ ಮೇಲೆ ಕುಳಿತು, ಹಾಡಿನ ಮರೆತ ಸಾಲುಗಳನ್ನು ಪಕ್ಕದವರನ್ನು ಕೇಳಿ ಕೇಳಿ ಹಾಡಿದ. ಮಧುವಂತಿಯಲ್ಲಿ ಆಮೇಲೆ ಯಾರೂ ಒಂಟಿಯಾಗಿ ಉಣ್ಣಲಿಲ್ಲ. ಅವರೆಲ್ಲ ಬಹುಕಾಲ ಸುಖವಾಗಿದ್ದರು. ಕತೆ ಕೇಳಿದ ನಿಮ್ಮ ಮನೆಯೂ ಜನದಿಂದ ತುಂಬಿರಲಿ.